ಯಾರದ್ದು ಅಂತ ಕೇಳಬೇಡ

ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅರ್ಧಬೆಲೆ ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೆ ಬೇಜಾರಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ. ಜಿಪ್ಪು ಕೂರಿಸುವ ಸಾಲಿನಲ್ಲಿ ಯಾರಿಗೆ ಮಂಚ ಬೇಕಿರಲಿ, ಮಿಕ್ಸಿ ಬೇಕಿರಲಿ, ಮೊದಲು ಅವಳ ಪಕ್ಕಕ್ಕೆ ಬಂದು ಗೋಗರೆಯಬೇಕು. "ಹೊಸದು ತಗೊಳ್ಳೋಕೆ ದುಡ್ಡಿದ್ರೆ ಸಾಕು ಕಣೇ, ಹಳೇದು ತಗೊಳ್ಳೋಕೆ ತಲೆ ಬೇಕು" ಎಂದು ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುತ್ತಿದ್ದಳು.

ಅವಳ ಮನೆಯೇ ಅದಕ್ಕೆ ಸಾಕ್ಷಿ. ಮೂರನೇ ಮಹಡಿಯಲ್ಲಿ ಎರಡು ಕೋಣೆ, ಮೆಟ್ಟಿಲ ಪಕ್ಕಕ್ಕೆ ಅಂಟಿಕೊಂಡ ಬಚ್ಚಲು. ಮಂಚದ ತಲೆಗಡೆ ಯಾವುದೋ ಲಾಡ್ಜಿನ ರೂಮ್ ನಂಬರು ಇನ್ನೂ ಅಳಿಸಿರಲಿಲ್ಲ. ಕುರ್ಚಿಗಳು ನಾಲ್ಕು, ನಾಲ್ಕಕ್ಕೂ ಬೇರೆ ಬೇರೆ ಅಪ್ಪ ಅಮ್ಮ. ಫ್ರಿಜ್ಜಿನ ಬಾಗಿಲಿಗೆ ಯಾರದೋ ಮಗು ಅಂಟಿಸಿದ್ದ ಆನೆಯ ಚಿತ್ರ. ಎಷ್ಟು ಉಜ್ಜಿದರೂ ಸೊಂಡಿಲು ಮಾತ್ರ ಹೋಗಿರಲಿಲ್ಲ. ಇಷ್ಟು ಸಾಮಾನಿನಲ್ಲಿ ಒಂದನ್ನೂ ಅವಳು ಪೂರ್ತಿ ಬೆಲೆ ಕೊಟ್ಟು ತಂದವಳಲ್ಲ. ಹಾಗೆ ಉಳಿದ ದುಡ್ಡೆಲ್ಲ ಮಗಳ ಓದಿಗೆ. ಮಗಳು ಬೆಳಿಗ್ಗೆ ಬೇಕರಿಯಲ್ಲಿ ಕೆಲಸ ಮಾಡಿ, ಸಂಜೆ ಲ್ಯಾಬ್ ಟೆಕ್ನಿಷಿಯನ್ ತರಗತಿಗೆ ಹೋಗುತ್ತಿದ್ದಳು. ಈ ಲೋಕದಲ್ಲಿ ತನ್ನವರು ಅಂತ ಅಕ್ಕನಿಗೆ ಇದ್ದದ್ದು ಅವಳೊಬ್ಬಳೇ.

ಹಳೇ ಸಾಮಾನು ಕೊಳ್ಳುವುದರಲ್ಲಿ ಅಕ್ಕನದೊಂದು ಶಾಸ್ತ್ರವಿತ್ತು. ಬೇಕಾದ್ದನ್ನು ಕೊನೆಗೆ ಮುಟ್ಟಬೇಕು. ಬೇಡದ್ದನ್ನು ಬಾಯ್ತುಂಬ ಹೊಗಳಬೇಕು. ಎಲ್ಲಕ್ಕಿಂತ ಮುಖ್ಯ, ಇದು ಯಾರದ್ದು, ಯಾಕೆ ಮಾರಿದರು ಅಂತ ಅಪ್ಪಿತಪ್ಪಿಯೂ ಕೇಳಬಾರದು. "ಕೇಳಿದ್ರೆ ನಿಂಗೆ ಬೇಕು ಅಂತ ಅವನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಮುಗೀತು, ರೇಟು ಅಟ್ಟ ಹತ್ತಿ ಕೂರುತ್ತೆ." ಜೊತೆಯ ಹೆಂಗಸರು ಇದನ್ನು ವೇದವಾಕ್ಯದಂತೆ ತಲೆಯಲ್ಲಿಟ್ಟುಕೊಂಡಿದ್ದರು.

ಆದರೆ ಅವಳು ಕೇಳದೆ ಇದ್ದದ್ದಕ್ಕೆ ನಿಜವಾದ ಕಾರಣ ಬೇರೆಯೇ ಇತ್ತು. ಅದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ. ಗಂಡ ಕಾಯಿಲೆಯಲ್ಲಿ ತೀರಿಕೊಂಡ ವರ್ಷ ಬಾಡಿಗೆ ಬಾಕಿ ಬಿದ್ದು, ಆಗಿನ ಮನೆ ಮಾಲೀಕರು ಅವಳ ಪಾತ್ರೆಪಗಡ, ಹಾಸಿಗೆ, ಎಲ್ಲವನ್ನೂ ರಸ್ತೆ ಬದಿಗೆ ಇಟ್ಟಿದ್ದರು. ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಅವಳು ದಿಕ್ಕು ತೋಚದೆ ನಿಂತಿದ್ದಾಗ, ದಾರಿಹೋಕನೊಬ್ಬ ತೊಟ್ಟಿಲನ್ನು ಎತ್ತಿ ನೋಡಿ, "ಇದೆಷ್ಟಕ್ಕೆ ಕೊಡ್ತೀರಿ?" ಎಂದ. ಅವಳು ಒಂದು ಬೆಲೆ ಹೇಳಿದಳು. ಪುಣ್ಯಾತ್ಮ ಅದರಲ್ಲೂ ಚೌಕಾಶಿ ಮಾಡಿದ. ಅವತ್ತಿನಿಂದ ಅವಳಿಗೆ ಒಂದು ಮಾತು ಗೊತ್ತಾಗಿಹೋಗಿತ್ತು: ಅಂಗಡಿಗೆ ಬರುವ ಹಳೇ ಸಾಮಾನಿನ ಹಿಂದೆ ಯಾರದೋ ಮನೆ ಮುರಿದಿರುತ್ತದೆ. ಕೇಳಿದರೆ ಆ ಮನೆ ತನ್ನ ಮನೆಗೇ ಬಂದು ಕೂತುಕೊಳ್ಳುತ್ತದೆ ಎಂಬ ಹೆದರಿಕೆ ಅವಳದು.

ಅವಳು ಹೋಗುತ್ತಿದ್ದದ್ದು, ಎಲ್ಲರೂ ಗೋಡೌನ್ ಮಾವ ಎಂದು ಕರೆಯುತ್ತಿದ್ದವನ ಅಂಗಡಿಗೆ. ಉದ್ದನೆಯ ತಗಡಿನ ಶೆಡ್ಡು, ಒಳಗೆ ಬೀರುಗಳ ನಡುವೆ ಅಡ್ಡಡ್ಡ ನಡೆಯಬೇಕು. ಮಾವ ಮೋಸಗಾರನಲ್ಲ. ಅವನಿಗೂ ಅವನದೇ ಒಂದು ನಿಯಮವಿತ್ತು. ಕೇಳಿದ್ದಕ್ಕೆ ಸುಳ್ಳು ಹೇಳುತ್ತಿರಲಿಲ್ಲ, ಕೇಳದ್ದನ್ನು ತಾನಾಗಿ ಹೇಳುತ್ತಿರಲಿಲ್ಲ. ಇಂಥ ಮಾರುವವನಿಗೆ ಇಂಥ ಕೊಳ್ಳುವವಳು ಸಿಕ್ಕಿದ್ದಳು, ಹೇಳಿ ಮಾಡಿಸಿದ ಜೋಡಿ.

ಚಳಿ ಶುರುವಾದಾಗ ಅವಳು ಅಲ್ಲಿಂದಲೇ ಒಂದು ಗ್ಯಾಸ್ ಗೀಸರ್ ತಂದಳು. ಬೆಳ್ಳಗೆ, ಒಂದು ಗೀರೂ ಇಲ್ಲದೆ, ಹೊಸ ಮದುಮಗಳ ಹಾಗಿತ್ತು. ಮಾವ ಹೇಳಿದ ಬೆಲೆ ಕೇಳಿ ಅವಳಿಗೇ ಒಂದು ಕ್ಷಣ ಅನುಮಾನವಾಯಿತು, ಇಷ್ಟು ಅಗ್ಗ ಯಾಕೆ ಅಂತ. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಗೀಸರನ್ನು ಬಚ್ಚಲೊಳಗೇ ಹಾಕಿಸಿ, ಸಿಲಿಂಡರನ್ನು ಗೋಡೆಯ ಆಚೆ, ಮೆಟ್ಟಿಲ ಬದಿಯಲ್ಲಿ ಇಟ್ಟು, ಗೋಡೆ ಕೊರೆದು ಪೈಪು ಎಳೆಸಿದಳು. ಬೇಕರಿಯ ಬೆವರು, ಹಿಟ್ಟು ಎಲ್ಲ ಮೆತ್ತಿಕೊಂಡು ಮಧ್ಯಾಹ್ನ ಮನೆಗೆ ಬರುವ ಮಗಳಿಗೆ ಹೊಗೆಯಾಡುವ ನೀರು. ಇನ್ನೇನು ಬೇಕು?

"ಅಮ್ಮ, ಗವಾಕ್ಷಿಯಿಂದ ಗಾಳಿ ಬೆನ್ನಿಗೇ ಹೊಡೆಯುತ್ತೆ" ಎಂದು ಮಗಳು ಒಂದು ದಿನ ನಡುಗುತ್ತಾ ಹೊರಗೆ ಬಂದಳು. ಬಚ್ಚಲಿಗೆ ಇದ್ದದ್ದು ಅದೊಂದೇ ಕಿಂಡಿ, ಮೆಟ್ಟಿಲ ಕಡೆಗೆ ತೆರೆದಿತ್ತು. ಬಿಸಿಯೆಲ್ಲ ಅಲ್ಲಿಂದಲೇ ಹೋದರೆ ಗ್ಯಾಸು ದಂಡ ಅಲ್ಲವೇ? ಅಕ್ಕ ಹಳೇ ಬೀರುವೊಂದರ ಹಿಂದಿನ ಪ್ಲೈವುಡ್ ತಂದು, ಒಳಗಡೆಯಿಂದ ಸುತ್ತಲೂ ಮೊಳೆ ಹೊಡೆದು ಬಿಗಿದಳು. ಉಳಿದ ಸಂದಿಗೆ ಕಾರ್ಖಾನೆಯ ಚಿಂದಿ ತುರುಕಿದಳು. ಹೊಲಿಗೆಯವಳ ಕೈ, ಒಂದು ಇರುವೆ ನುಸುಳಲೂ ಜಾಗ ಬಿಡಲಿಲ್ಲ.

ಅದಾದ ಮೇಲೆ ಮಗಳಿಗೆ ಆಗಾಗ ತಲೆನೋವು. ಸ್ನಾನ ಮಾಡಿ ಬಂದು ಹಣೆ ಒತ್ತಿಕೊಂಡು ಮಲಗಿಬಿಡುತ್ತಿದ್ದಳು. "ಒಲೆ ಮುಂದೆ ನಿಂತರೆ ತಲೆ ನೋಯದೆ ಏನಾಗುತ್ತೆ, ಎರಡು ತುತ್ತು ತಿನ್ನು, ಸರಿಹೋಗುತ್ತೆ" ಎಂದು ಅಕ್ಕ ರಾತ್ರಿ ತಟ್ಟೆ ಮುಂದಿಡುತ್ತಿದ್ದಳು. ಅವಳಿಗೆ ತಾನೇ ಏನು ಗೊತ್ತಿತ್ತು ಪಾಪ.

ಆ ದಿನ ಕಾರ್ಖಾನೆಯಲ್ಲಿ ಜಿಪ್ಪಿನ ಸರಕು ಮುಗಿದು ಊಟದ ಹೊತ್ತಿಗೇ ಬಿಟ್ಟರು. ಮಗಳಿಗೆ ಓದಲು ಒಂದು ಮೇಜು ನೋಡೋಣವೆಂದು ಅಕ್ಕ ಶೆಡ್ಡಿಗೆ ಹೋದಳು. ಹೋಗಿ, ಶಾಸ್ತ್ರದ ಪ್ರಕಾರ, ಬೇಡದ ಡ್ರೆಸ್ಸಿಂಗ್ ಟೇಬಲ್ಲನ್ನು ಹೊಗಳುತ್ತಾ ನಿಂತಿದ್ದಳು. ಆಗ ಹೊರಗೆ ಟೆಂಪೋ ನಿಂತಿತು. ದೊಗಳೆ ಸ್ವೆಟರ್ ಹಾಕಿಕೊಂಡ ಒಬ್ಬ ಹೆಂಗಸು ಇಳಿದು ಬಂದಳು. ಸ್ವೆಟರ್ ಯಾರೋ ಗಂಡಸಿನದು, ತೋಳು ಬೆರಳು ದಾಟಿ ಇಳಿದಿತ್ತು.

"ಇದೇ ಕೊನೇ ಲೋಡು ಮಾವ. ಅಣ್ಣನ ಮನೇಲಿ ಇನ್ನೇನೂ ಉಳಿದಿಲ್ಲ" ಎಂದಳು ಅವಳು. ಆಮೇಲೆ ಶೆಡ್ಡಿನೊಳಗೆ ಕಣ್ಣಾಡಿಸಿ, ಬಾಗಿಲಲ್ಲೇ ನಿಂತು ಕೇಳಿದಳು. "ಆ ಗೀಸರ್ ಹೋಯ್ತಾ? ಅದಿನ್ನೂ ಇಲ್ಲೇ ಇದ್ರೆ ನಾನು ಒಳಗೆ ಬರಲ್ಲ."

"ಹೋಯ್ತಮ್ಮ" ಎಂದ ಮಾವ. ಅಂದವನು ಅಕ್ಕನ ಕಡೆ ಒಮ್ಮೆ ನೋಡಿ, ತಟ್ಟನೆ ಕಣ್ಣು ಕೆಳಗೆ ಹಾಕಿದ.

ಅಕ್ಕ ಡ್ರೆಸ್ಸಿಂಗ್ ಟೇಬಲ್ಲು ಬಿಟ್ಟು ಮುಂದೆ ಬಂದಳು. ಆ ಅಂಗಡಿಯಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊಟ್ಟಮೊದಲ ಪ್ರಶ್ನೆ ಅದು. "ಯಾವ ಗೀಸರ್?"

ಅಕ್ಕ ಸಾಮಾನು ಕೊಳ್ಳಲು ಬಂದವಳೆಂದು ತಿಳಿದು ಆ ಹೆಂಗಸು ಸುಮ್ಮನಿರಬಹುದಿತ್ತು. ಆದರೆ ದುಃಖಕ್ಕೆ ಕೇಳುವವರು ಸಿಕ್ಕರೆ ಸಾಕು. "ಬಿಳೀದು, ಹೊಸಾದೇ. ನಮ್ಮಣ್ಣ ಆಸೆಪಟ್ಟು ಹಾಕ್ಸಿದ್ದ. ಸ್ನಾನಕ್ಕೆ ಹೋದವನು ಬರ್ಲೇ ಇಲ್ಲ. ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಿದ್ದನಂತೆ. ಮುಚ್ಚಿದ ಕಡೆ ಅದು ಉರಿದ್ರೆ ಗಾಳಿಯೆಲ್ಲ ವಿಷ ಆಗುತ್ತಂತೆ. ವಾಸನೇನೂ ಇರಲ್ಲ, ಕೂಗೋಕೂ ಆಗಲ್ಲ. ಬಾಗಿಲು ಒಡೆದಾಗ ನೀರು ಇನ್ನೂ ಬಿಸಿಬಿಸಿ ಸುರೀತಿತ್ತು."

ಕಿಟಕಿ ಮುಚ್ಚಿದ್ದ ಎಂಬ ಮಾತು ಅಕ್ಕನ ಕಿವಿಯಲ್ಲೇ ನಿಂತುಬಿಟ್ಟಿತು. ಗೋಡೆಯ ಗಡಿಯಾರ ನೋಡಿದಳು. ಮಗಳು ಬೇಕರಿಯಿಂದ ಬಂದು ಬಚ್ಚಲಿಗೆ ಹೋಗುವ ಹೊತ್ತು. ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು, ಮತ್ತೆ ಅದೇ.

"ನೀವು ಕೇಳ್ಲಿಲ್ಲವಲ್ಲ ಅಕ್ಕ" ಎಂದು ಮಾವ ಹಿಂದಿನಿಂದ ಏನೋ ಹೇಳುತ್ತಿದ್ದ. ಅವಳು ಆಗಲೇ ರಸ್ತೆಯಲ್ಲಿದ್ದಳು. ಸಿಕ್ಕಿದ ಆಟೋಗೆ ಬೆಲೆ ಕೇಳದೆ ಹತ್ತಿದಳು.

ಇನ್ನು ಫೋನು ಮಾಡಲು ಉಳಿದವರೆಂದರೆ ಓನರಮ್ಮ ಒಬ್ಬರೇ. ಕೆಳಮನೆಯ ಆ ಯಜಮಾನಿಗೂ ಅಕ್ಕನಿಗೂ ನೀರಿನ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟು ಬಹಳ ದಿನವಾಗಿತ್ತು. ಮಾನ ಮರ್ಯಾದೆ ನೋಡುವ ಹೊತ್ತೇ ಅದು?

"ಓನರಮ್ಮ, ನಾನು. ಮೇಲೆ ಹೋಗಿ ಸ್ವಲ್ಪ ನೋಡಿ. ಮಗಳು ಬಚ್ಚಲಲ್ಲಿದ್ದಾಳೆ, ಫೋನ್ ಎತ್ತುತಾ ಇಲ್ಲ."

"ಸ್ನಾನ ಮಾಡೋರು ಫೋನ್ ಎತ್ತುತಾರೇನಮ್ಮ?" ಎಂದವರು, ಅಕ್ಕನ ಉಸಿರಾಟ ಕೇಳಿ ದನಿ ಬದಲಿಸಿದರು. "ಹೋಗ್ತೀನಿ ಇರು. ಮಂಡಿ ನೋವು, ನಿಧಾನ."

ಫೋನಿನಲ್ಲಿ ಮೆಟ್ಟಿಲು ಹತ್ತುವ ಸದ್ದು. ಒಂದೊಂದು ಮೆಟ್ಟಿಲಿಗೂ ಓನರಮ್ಮನ ಏದುಸಿರು. ಆಟೋ ಸಿಗ್ನಲ್ಲಿನಲ್ಲಿ ನಿಂತಿತ್ತು. ಅಕ್ಕ ಎರಡು ಕೈಯಲ್ಲೂ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಕೊನೆಗೆ ಮನೆ ಬಾಗಿಲು ಬಡಿದ ಸದ್ದು, ಮಗಳ ಹೆಸರು ಹಿಡಿದು ಕೂಗಿದ ಸದ್ದು.

"ಒಳಗಿಂದ ಚಿಲಕ ಹಾಕಿದೆ. ಮಾತಿಲ್ಲ ಕಣೆ. ನೀರು ಸುರೀತಿರೋದು ಮಾತ್ರ ಕೇಳ್ತಿದೆ."

ಅಕ್ಕ ಫೋನಿಗೇ ಕೂಗಿದಳು. "ಸಿಲಿಂಡರ್ ಆಫ್ ಮಾಡಿ. ಅಲ್ಲೇ ಮೆಟ್ಟಿಲ ಹತ್ರ ಇದೆ."

"ಅಯ್ಯೋ, ಗ್ಯಾಸು ಅಂದ್ರೆ ನಂಗೆ ಭಯ."

"ನಿಮ್ಮ ಕಾಲಿಗೆ ಬೀಳ್ತೀನಿ. ಬಲಗಡೆ ತಿರುಗಿಸಿ, ಅಷ್ಟೇ."

ಆಮೇಲೆ, "ತಿರುಗಿಸಿದೆ" ಎಂಬ ನಡುಗುವ ದನಿ ಬಂತು.

"ಮೇಲೆ ಗವಾಕ್ಷಿ ಇದೆಯಲ್ಲ, ಅದಕ್ಕೆ ಹಲಗೆ ಹಾಕಿದ್ದೀನಿ. ಕೋಲಲ್ಲಿ ಒಳಗೆ ತಳ್ಳಿ. ಗಾಳಿ ಹೋಗ್ಬೇಕು."

ಪೊರಕೆಯ ಹಿಡಿ ಹಲಗೆಗೆ ಬಡಿಯುವುದು ಕೇಳಿಸಿತು. ಟಕ್, ಟಕ್, ಟಕ್. ಅಕ್ಕ ಆಟೋದ ಕಂಬಿ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು, ತಾನೇ ತಳ್ಳುತ್ತಿದ್ದೇನೆ ಎನ್ನುವ ಹಾಗೆ.

"ಅಲ್ಲಾಡ್ತಾನೇ ಇಲ್ವೇ. ಎಷ್ಟು ಮೊಳೆ ಹೊಡೆದಿದ್ದೀಯೆ ನೀನು?"

ಎಷ್ಟು ಹೊಡೆದಿದ್ದಳೋ ಅಷ್ಟೂ ಮೊಳೆ ಆಗ ಅವಳ ಎದೆಗೇ ಇಳಿದವು. ಸಡಿಲವಾಗಿ ಹೊಡೆದಿದ್ದರೆ, ಸೋಮಾರಿಯಾಗಿದ್ದರೆ, ಚಿಂದಿ ಸಾಲದೆ ಒಂದು ಬೆರಳಷ್ಟು ಸಂದಿ ಬಿಟ್ಟಿದ್ದರೆ! "ಎದುರಿನ ಬಡಗೀನ ಕರೀರಿ, ಹಾರೆ ತರ್ಲಿ" ಎಂದಳು. ಓನರಮ್ಮ ಮೆಟ್ಟಿಲ ಕಿಟಕಿಯಿಂದ ಬಡಗಿಯನ್ನು ಕೂಗುವುದು ಕೇಳಿಸಿತು. ಅಷ್ಟರಲ್ಲಿ ಫೋನಿನ ಚಾರ್ಜು ಮುಗಿದು ಎಲ್ಲ ಸದ್ದೂ ನಿಂತುಹೋಯಿತು. ಅಲ್ಲಿಂದ ಮನೆಯವರೆಗೆ ಅವಳು ಹೇಗೆ ಬಂದಳೆಂದು ಕೇಳಿದರೆ ಇವತ್ತಿಗೂ ಅವಳಿಗೆ ನೆನಪಿಲ್ಲ. ಬಾಯಲ್ಲಿ ಮಾತ್ರ ಒಂದೇ ಮಾತು ಇತ್ತಂತೆ, ನನ್ನನ್ನು ತಗೋ, ಅವಳನ್ನು ಬಿಡು, ಎಂದು. ಯಾರಿಗೆ ಹೇಳುತ್ತಿದ್ದಳೋ. ಆಟೋದವನು ತಿರುಗಿ ತಿರುಗಿ ನೋಡುತ್ತಿದ್ದನಂತೆ.

ಅವಳು ಮೇಲೆ ಹತ್ತಿದಾಗ ಹಲಗೆ ಎರಡು ಹೋಳಾಗಿ ಬಿದ್ದಿತ್ತು, ಮನೆಯದು, ಬಚ್ಚಲಿನದು, ಎರಡು ಬಾಗಿಲೂ ಮುರಿದಿದ್ದವು. ಬಡಗಿ ಮಗಳನ್ನು ಎಳೆದು ತಂದು ಮೆಟ್ಟಿಲ ಬಳಿಯ ಗಾಳಿಗೆ ಮಲಗಿಸಿದ್ದ. ಓನರಮ್ಮ ತಮ್ಮ ಶಾಲು ಹೊದಿಸಿ, ಹುಡುಗಿಯ ತಲೆಯನ್ನು ಆ ನೋಯುವ ಮಂಡಿಯ ಮೇಲೇ ಇಟ್ಟುಕೊಂಡಿದ್ದರು. ಮಗಳ ಮುಖ ಬಿಳಿಚಿಕೊಂಡಿರಲಿಲ್ಲ. ಕೆಂಪಗೆ, ಆಟವಾಡಿ ಬಂದು ನಿದ್ದೆಹೋದ ಮಗುವಿನ ಮುಖ. ಅಕ್ಕನಿಗೆ ಹೆಚ್ಚು ಹೆದರಿಕೆಯಾದದ್ದು ಅದನ್ನು ನೋಡಿಯೇ. ಆ ವಿಷವೇ ಮುಖವನ್ನು ಹಾಗೆ ಕೆಂಪೇರಿಸುತ್ತದೆ ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು.

"ಉಸಿರಿದೆ" ಎಂದ ಬಡಗಿ. "ಆಂಬುಲೆನ್ಸಿಗೆ ಹೇಳಿದ್ದೀನಿ. ಆ ಕಿಂಡಿ ಹಾಗೆ ಮುಚ್ಚಿದ್ದು ಯಾರು?"

ಅಕ್ಕ ಮುರಿದು ಬಿದ್ದ ಹಲಗೆಯ ಕಡೆ ನೋಡಿದಳು. ಓನರಮ್ಮ ಅವಳ ಮುಖ ನೋಡಿದರು, ಬಡಗಿಯ ಕಡೆ ತಿರುಗಿ, "ಅದೆಲ್ಲ ಈಗ ಯಾಕಪ್ಪ" ಎಂದರು.

ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಆಮ್ಲಜನಕದ ಮಾಸ್ಕ್ ಕಟ್ಟಿ ಮಲಗಿಸಿದರು. ಮಗಳು ಕಣ್ಣು ಬಿಟ್ಟದ್ದು ಕತ್ತಲಾಗುವ ಹೊತ್ತಿಗೆ. ಬದುಕಿದಳು ಎಂದು ಕಣ್ಣೀರು ಹಾಕುವಷ್ಟರಲ್ಲಿ ಡಾಕ್ಟರಮ್ಮ ಇನ್ನೊಂದು ಹೆದರಿಕೆ ಕೈಗೆ ಕೊಟ್ಟರು. "ಕೆಲವರಿಗೆ ಕೆಲವು ವಾರ ಆದ ಮೇಲೂ ಮರೆವು ಬರಬಹುದು, ನಡಿಗೆ ತಪ್ಪಬಹುದು. ಬರುತ್ತೆ ಅಂತಲ್ಲ. ಗಮನ ಇಟ್ಟಿರಿ."

ಗಮನ ಇಡುವುದೆಂದರೆ ಅಕ್ಕನಿಗೆ ಬೇರೆ ಕೆಲಸವೇ ಇಲ್ಲದ ಹಾಗಾಯಿತು. ಮಗಳು ಲೋಟ ಎತ್ತಿದರೆ ಕೈ ನಡುಗುತ್ತಿದೆಯಾ ಎಂದು ನೋಡುವಳು. ಉಪ್ಪಿನ ಡಬ್ಬಿ ಎಲ್ಲಿ ಎಂದು ಮಗಳು ಕೇಳಿದರೆ ಮರೆವು ಶುರುವಾಯಿತೇ ಎಂದು ಅವಳ ಮುಖ ದಿಟ್ಟಿಸುವಳು. ಸುಮ್ಮನೆ ಕೂತಿದ್ದಾಗ ಪರೀಕ್ಷೆ ಬೇರೆ. "ದೊಡ್ಡಮ್ಮನ ಕಿರೀ ಸೊಸೆ ಯಾರ ಕಡೆಯವಳು ಹೇಳು?"

"ಅಮ್ಮ, ಅದು ನಂಗೆ ಮುಂಚೇನೂ ಗೊತ್ತಿರ್ಲಿಲ್ಲ."

ಮಗಳು ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ.

ಗ್ಯಾಸಿನವನು ಬಂದು ಗೀಸರನ್ನು ಬಿಚ್ಚಿ, ಒಳಗೆಲ್ಲ ಬೆಳಕು ಬಿಟ್ಟು ನೋಡಿದ. ಅದರಲ್ಲಿ ಏನಾದರೂ ಕೆಟ್ಟಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಪೈಪು ಒಡೆದಿರಲಿ, ಬರ್ನರ್ ಹಾಳಾಗಿರಲಿ, ಸತ್ತವನ ಶಾಪವಾದರೂ ಇರಲಿ. "ಮಿಶಿನ್ ಚೆನ್ನಾಗೇ ಇದೆ ಅಕ್ಕ" ಎಂದ ಅವನು. "ಆದ್ರೆ ಇದನ್ನ ಬಚ್ಚಲೊಳಗೆ ಹಾಕಿದ್ದೇ ತಪ್ಪು. ಹಾಕಿದ ಮೇಲೆ ಗಾಳಿ ಬರೋ ಜಾಗಾನೂ ಮುಚ್ಚಿದ್ರೆ ಇನ್ನೇನಾಗುತ್ತೆ?" ಅವಳು ಗೋಡೆಗೆ ಒರಗಿ ಕೂತಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅವಳ ಬಾಳು.

ಗೋಡೌನ್ ಮಾವ ತಾನಾಗಿ ಬಂದ. ಬಾಗಿಲಲ್ಲೇ ನಿಂತು, ತಲೆ ಎತ್ತದೆ, ಕೊಟ್ಟ ದುಡ್ಡು ಪೂರ್ತಿ ವಾಪಸ್ ಕೊಡುತ್ತೇನೆ, ಗೀಸರ್ ತೆಗೆದುಕೊಂಡು ಹೋಗುತ್ತೇನೆ ಎಂದ.

"ತಗೊಂಡು ಹೋಗಿ ಏನ್ ಮಾಡ್ತೀರಿ?"

"ಮಾರೋದೇ ಅಕ್ಕ. ಮತ್ತೇನ್ ಮಾಡ್ಲಿ. ವಸ್ತು ಚೆನ್ನಾಗಿದೆ."

ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಮಾರಿ" ಎಂದಳು. "ಆದ್ರೆ ಅವರು ಕೇಳ್ದೆ ಇದ್ರೂ ಹೇಳಿ. ನನ್ನಂಥವರು ಕೇಳಲ್ಲ ಮಾವ. ಕೇಳೋಕೆ ನಮಗೆ ಹೆದರಿಕೆ."

ಮಾವ ಗೀಸರನ್ನು ಗೋಣಿಯಲ್ಲಿ ಸುತ್ತಿ ಹೆಗಲಿಗೆ ಏರಿಸಿಕೊಂಡು ಹೋದ. ಅವನು ಮೆಟ್ಟಿಲಿಳಿಯುವವರೆಗೂ ಮಗಳು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಈಗ ನೀರು ಅಡುಗೆ ಒಲೆಯ ಮೇಲೆ ಕಾಯುತ್ತದೆ. ಗವಾಕ್ಷಿ ಬಾಯ್ತೆರೆದುಕೊಂಡಿದೆ, ಚಳಿಗಾಳಿ ನೇರ ಒಳಗೆ. ಆದರೂ ಮಗಳು ಬಚ್ಚಲಿಗೆ ಹೋಗುವ ಹೊತ್ತಿಗೆ ಅಕ್ಕ ಊಟದ ಬಿಡುವಿನಲ್ಲಿ ಕಾರ್ಖಾನೆಯಿಂದ ಓಡಿಬಂದು ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತುಬಿಡುತ್ತಾಳೆ. ಚಿಲಕ ಹಾಕುವಂತಿಲ್ಲ, ಬಾಗಿಲು ಬರೀ ಒರಗಿಸಬೇಕು. ನೀರು ಹುಯ್ದುಕೊಳ್ಳುವಷ್ಟು ಹೊತ್ತೂ ಮಗಳು ಮಾತಾಡುತ್ತಲೇ ಇರಬೇಕು. ಅದೂ ಒಂದು ಕಾನೂನಾಯಿತು.

"ಏನ್ ಮಾತಾಡ್ಲಿ?" ಎಂದಳು ಮಗಳು ಒಂದು ಮಧ್ಯಾಹ್ನ ಒಳಗಿನಿಂದ.

"ಏನಾದ್ರೂ. ಬೇಕರಿ ಸುದ್ದಿ ಹೇಳು."

ಮಗಳು ಹೇಳಿದಳು. ಬ್ರೆಡ್ಡಿನ ಅಚ್ಚು ಕಾಣೆಯಾಗಿ ಹಿಟ್ಟಿನ ಮೂಟೆಯೊಳಗೆ ಸಿಕ್ಕಿದ್ದು, ಯಜಮಾನ ತನ್ನ ಕನ್ನಡಕವನ್ನೇ ತುಳಿದು ಪಕ್ಕದವನನ್ನು ಬೈದದ್ದು. ಅಕ್ಕ ಹೂಂ, ಹೂಂ ಅನ್ನುತ್ತಿದ್ದಳು. ತಂಬಿಗೆಯ ಸದ್ದು ಬರುತ್ತಿತ್ತು, ಮಾತೂ ಬರುತ್ತಿತ್ತು. ಆಮೇಲೆ ಎರಡೂ ನಿಂತವು.

"ಆಮೇಲೆ?" ಎಂದಳು ಅಕ್ಕ.

ಒಳಗೆ ಸದ್ದಿಲ್ಲ.

"ಪುಟ್ಟಿ, ಆಮೇಲೆ?"

ಅಕ್ಕ ಬಾಗಿಲು ದೂಡಿದ ರಭಸಕ್ಕೆ ಅದು ಗೋಡೆಗೆ ಬಡಿಯಿತು. ಮಗಳು ಮೂಲೆಯಲ್ಲಿ, ಗೋಡೆಗೆ ಬೆನ್ನು ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ಬಕೆಟ್ಟಿನ ನೀರು ಮುಕ್ಕಾಲು ಹಾಗೇ ಇತ್ತು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು, ಸದ್ದು ಹೊರಗೆ ಕೇಳಿಸದ ಹಾಗೆ ಅಳುತ್ತಿದ್ದಳು.

"ದಿನಾ ಹೀಗೇನೇ ಅಮ್ಮ" ಎಂದಳು. "ಒಳಗೆ ಕಾಲಿಟ್ಟ ತಕ್ಷಣ ಉಸಿರು ಕಟ್ಟುತ್ತೆ. ನೀನು ಹೆದರ್ತೀಯ ಅಂತ ಮಾತಾಡ್ತಿದ್ದೆ."

ಅಕ್ಕ ತೊಟ್ಟ ಬಟ್ಟೆಯಲ್ಲೇ ಒಳಗೆ ಹೋಗಿ ಅವಳ ಪಕ್ಕ ಕೂತಳು. ತಾನು ಹೊರಗೆ ಕಾವಲು ಕೂತು ಹೆದರುತ್ತಿದ್ದರೆ, ಇದು ಒಳಗೆ ತನಗಾಗಿ ಹೆದರಿಕೆ ನುಂಗಿಕೊಂಡು ಕನ್ನಡಕದ ಕಥೆ ಹೇಳುತ್ತಿತ್ತು. ನೀರಿಗೆ ಕೈ ಅದ್ದಿ ಬಿಸಿ ನೋಡಿದಳು. ತಂಬಿಗೆ ತುಂಬಿ, ಮಗಳ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ನೀರು ಬೀಳದ ಹಾಗೆ ನೆತ್ತಿಯ ಮೇಲೆ ಮೆಲ್ಲಗೆ ಹುಯ್ದಳು.

"ನಾನೇನು ಮಗುವಾ?" ಎಂದಳು ಮಗಳು ಬಿಕ್ಕುತ್ತಾ.

"ಹೂಂ" ಎಂದು ಅಕ್ಕ ಇನ್ನೊಂದು ತಂಬಿಗೆ ತುಂಬಿದಳು. ಬಾಗಿಲು ಹಾರು ಹೊಡೆದಿತ್ತು. ಅದನ್ನು ಮುಚ್ಚಲು ಇಬ್ಬರೂ ಏಳಲಿಲ್ಲ.